ಬಿಸಿಲಿಗೆ ಬಿಳಿಚಿಕೊಂಡ ಫೋಟೊ: ಯಾವುದು ಮರಳಿ ಬರುತ್ತದೆ, ಯಾವುದು ಬರುವುದಿಲ್ಲ

ಪ್ರಶ್ನೆ: ಹೋದ ವಾರ ಮನೆಮಂದಿಯೆಲ್ಲ ಹೊಳೆದಂಡೆಗೆ ಹೋಗಿದ್ದೆವು. ಮಧ್ಯಾಹ್ನ ಹನ್ನೆರಡೂವರೆ, ನೆತ್ತಿ ಸುಡುವ ಬಿಸಿಲು. ಅರ್ಧದಷ್ಟು ಫೋಟೊ ನನ್ನ ಮೊಬೈಲಿನಲ್ಲಿ, ಉಳಿದವು ತಮ್ಮನ ಕ್ಯಾಮೆರಾದಲ್ಲಿ ತೆಗೆದದ್ದು. ಮನೆಗೆ ಬಂದು ನೋಡಿದರೆ ಅಪ್ಪನ ಬಿಳಿ ಅಂಗಿ ಸುಣ್ಣ ಬಳಿದ ಹಾಗಿದೆ, ಮಗಳ ಹಣೆ, ಮೂಗು ಬೆಳ್ಳಗೆ ಹೊಳೆಯುತ್ತಿವೆ, ಆಕಾಶವಂತೂ ಇಲ್ಲವೇ ಇಲ್ಲ. ಬ್ರೈಟ್‌ನೆಸ್ ಇಳಿಸಿದರೆ ಎಲ್ಲ ಬೂದಿ ಬಣ್ಣಕ್ಕೆ ತಿರುಗುತ್ತದೆ. ಅಪ್ಪ, ಮೊಮ್ಮಗಳು ಒಟ್ಟಿಗಿರುವ ಫೋಟೊ ನಮ್ಮಲ್ಲಿ ಹೆಚ್ಚಿಲ್ಲ. ಇವನ್ನು ಸರಿಮಾಡಲು ಸಾಧ್ಯವೇ? ಎರಡು ಫೋಟೊ ಜೊತೆಗಿಟ್ಟಿದ್ದೇನೆ.

ಉತ್ತರ: ಸರಿಮಾಡಬಹುದು. ಎಷ್ಟರಮಟ್ಟಿಗೆ ಎನ್ನುವುದನ್ನು ಮಾತ್ರ ಆಯಾ ಫೋಟೊವೇ ಹೇಳಬೇಕು. ನೀವು ಕಳಿಸಿದ ಎರಡನ್ನೂ ತೆರೆದು ನೋಡಿದೆ. ನೀರಿಗೆ ಕಾಲು ಇಳಿಬಿಟ್ಟು ಕೂತಿರುವ ಫೋಟೊ ಹೆಚ್ಚುಕಡಿಮೆ ಪೂರ್ತಿ ಸರಿಹೋಗುತ್ತದೆ. ಬಂಡೆಯ ಮುಂದೆ ನಿಂತಿರುವುದರಲ್ಲಿ ಮುಖಗಳು ಉಳಿಯುತ್ತವೆ, ನಿಮ್ಮ ತಂದೆಯವರ ಅಂಗಿಯ ಬಿಸಿಲು ಬಿದ್ದ ಹೆಗಲು ಉಳಿಯುವುದಿಲ್ಲ. ಮೇಲ್ನೋಟಕ್ಕೆ ಎರಡೂ ಒಂದೇ ಥರ ಬಿಳಿಚಿಕೊಂಡಿವೆ, ಆದರೆ ಆಗಿರುವ ತೊಂದರೆ ಬೇರೆ ಬೇರೆ. ಆ ವ್ಯತ್ಯಾಸ ಕಣ್ಣಿಗೆ ಹತ್ತಿದರೆ ಉಳಿದ ಫೋಟೊಗಳನ್ನು ನೀವೇ ಸರಿಮಾಡಿಕೊಳ್ಳುತ್ತೀರಿ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಯಾವ ಸ್ಲೈಡರ್ ಮುಟ್ಟುವ ಮೊದಲೂ ಮೂಲ ಫೈಲ್ ಕೈಗೆ ಬರಲಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದ್ದು ಚಿಕ್ಕದಾಗಿ, ಇನ್ನೊಮ್ಮೆ ಹಿಂಡಿಸಿಕೊಂಡು ಬಂದಿರುತ್ತದೆ. ಬಿಳಿಯ ಹತ್ತಿರದ ನವಿರಾದ ಛಾಯೆಗಳು ಅಲ್ಲೇ ಅರ್ಧ ಹೋಗಿರುತ್ತವೆ. ತಮ್ಮನಿಗೆ ಹೇಳಿ ಕ್ಯಾಮೆರಾದ ಕಾರ್ಡಿನಿಂದ ನೇರವಾಗಿ ಕಾಪಿ ಮಾಡಿಸಿಕೊಳ್ಳಿ. ಅದಾಗದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಕಾರ್ಡ್ ಖಾಲಿ ಮಾಡುವ ಮೊದಲು ಅದರಲ್ಲಿ ಸಿಆರ್3, ಎನ್‌ಇಎಫ್, ಎಆರ್‌ಡಬ್ಲ್ಯು ಎಂದು ಕೊನೆಯಾಗುವ ಫೈಲ್‌ಗಳಿವೆಯೇ ಎಂದೂ ನೋಡಲಿ. ಇದ್ದರೆ ಅವು ರಾ ಫೈಲ್‌ಗಳು, ಅಂದರೆ ಕ್ಯಾಮೆರಾ ಅಳೆದದ್ದನ್ನು ಹಾಗೇ ಇಟ್ಟುಕೊಂಡ ಫೈಲ್‌ಗಳು, ನಿಮ್ಮ ಅರ್ಧ ಕೆಲಸ ಮುಗಿದಂತೆಯೇ. ಹಾಗೆಯೇ, ಒಂದೇ ಭಂಗಿಯಲ್ಲಿ ಎರಡು ಮೂರು ಸಲ ಕ್ಲಿಕ್ ಮಾಡಿದ್ದರೆ ಎಲ್ಲವನ್ನೂ ಇಟ್ಟುಕೊಳ್ಳಿ. ಒಂದರಲ್ಲಿ ಸುಟ್ಟುಹೋದ ಹಣೆ ಇನ್ನೊಂದರಲ್ಲಿ ಚೆನ್ನಾಗಿರಬಹುದು.

ಈಗ ಅಸಲಿ ವಿಷಯ. ಕ್ಯಾಮೆರಾದ ಸೆನ್ಸರ್‌ನಲ್ಲಿ ಕೋಟಿಗಟ್ಟಲೆ ಪುಟ್ಟ ಕೊಡಗಳಿವೆ ಎಂದುಕೊಳ್ಳಿ. ಬೆಳಕು ನೀರಿನ ಹಾಗೆ ಅವುಗಳಲ್ಲಿ ತುಂಬುತ್ತದೆ. ಅರ್ಧ ಕೊಡ, ಮುಕ್ಕಾಲು ಕೊಡ ಎಂದು ಅಳೆದು ಬರೆದಿಟ್ಟರೆ ಅದೇ ಫೋಟೊ. ಕೊಡ ತುಂಬಿದ ಮೇಲೆ ಎಷ್ಟೇ ಸುರಿದರೂ ಲೆಕ್ಕಕ್ಕೆ ಬರುವುದು ಒಂದು ಕೊಡ ಮಾತ್ರ, ಚೆಲ್ಲಿ ಹೋದದ್ದು ಎಷ್ಟೆಂದು ಯಾರೂ ಹೇಳಲಾರರು. ಜೆಪೆಗ್ ಫೈಲ್‌ನಲ್ಲಿ ಈ ಅಳತೆ ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆ ಬೇರೆಯಾಗಿ 0ಯಿಂದ 255ರವರೆಗೆ ಇರುತ್ತದೆ. 255 ಎಂದರೆ ಕೊಡ ತುಂಬಿತು. ಮೂರೂ 255 ಮುಟ್ಟಿದ ಜಾಗದಲ್ಲಿ ಅಂಗಿಯ ನೆರಿಗೆಯೂ ಇಲ್ಲ, ನೂಲೂ ಇಲ್ಲ. ಅಲ್ಲಿ ಬ್ರೈಟ್‌ನೆಸ್ ಇಳಿಸಿದರೆ ಸಮತಟ್ಟಾದ ಬಿಳಿ ಸಮತಟ್ಟಾದ ಬೂದಿಯಾಗುತ್ತದೆ. ನಿಮಗೆ ಆಗಿರುವುದು ಇದೇ.

ಯಾವ ಜಾಗ ತುಂಬಿದೆ, ಯಾವುದು ಬರೀ ತೆಳುವಾಗಿದೆ ಎಂದು ಬರಿಗಣ್ಣಿಗೆ ತಿಳಿಯುವುದಿಲ್ಲ. ಫೋನಿನ ಪರದೆ ಬಿಸಿಲಿಗೆ ತಕ್ಕಂತೆ ತಾನೇ ಹೊಳಪು ಏರಿಸಿಕೊಳ್ಳುವುದರಿಂದ ಅದನ್ನು ನಂಬಲೇಬೇಡಿ. ಹಿಸ್ಟೋಗ್ರಾಂ ನೋಡಿ, ಅಂದರೆ ಎಡಗಡೆಯ ಕಪ್ಪಿನಿಂದ ಬಲಗಡೆಯ ಬಿಳಿಯವರೆಗೆ ಯಾವ ಮಟ್ಟದ ಬೆಳಕು ಎಷ್ಟಿದೆ ಎಂದು ತೋರಿಸುವ ನಕ್ಷೆ. ಗುಡ್ಡದಂಥ ಆ ಚಿತ್ರ ಬಲತುದಿಯ ಗೋಡೆಗೆ ಒತ್ತಿಕೊಂಡು ಅಲ್ಲೊಂದು ಗೂಟ ನೆಟ್ಟ ಹಾಗಿದ್ದರೆ ಬೆಳಕು ತುಂಬಿ ಚೆಲ್ಲಿದೆ. ಬಲಗಡೆಗೆ ವಾಲಿದ್ದರೂ ಗೋಡೆ ಮುಟ್ಟದೆ ಇಳಿದಿದ್ದರೆ ಎಲ್ಲವೂ ಒಳಗೇ ಇದೆ. ಫೋಟೊ ತಿದ್ದುವ ತಂತ್ರಾಂಶ ಲೈಟ್‌ರೂಮ್‌ನಲ್ಲಾದರೆ ಆಲ್ಟ್ ಕೀ ಒತ್ತಿಕೊಂಡು ವೈಟ್ಸ್ ಸ್ಲೈಡರ್ ಎಳೆದರೆ ತುಂಬಿದ ಜಾಗಗಳು ಮಾತ್ರ ಮಿನುಗುತ್ತವೆ. ಅಂಥದ್ದೇ ಇನ್ನೊಂದು ತಂತ್ರಾಂಶ ಗಿಂಪ್‌ನಲ್ಲಿ ಕಲರ್ ಪಿಕರ್ ಹಿಡಿದು ಬೇಕಾದಲ್ಲಿ ಒತ್ತಿದರೆ ಮೂರು ಅಂಕಿಗಳೂ ಕಾಣುತ್ತವೆ. ನನಗೆ ಈ ಅಂಕಿ ನೋಡುವ ದಾರಿಯೇ ಇಷ್ಟ, ಯಾಕೆಂದು ಮುಂದೆ ಗೊತ್ತಾಗುತ್ತದೆ.

ನಿಮ್ಮ ಮೊದಲ ಫೋಟೊ, ನೀರಿನ ಬಳಿಯದ್ದು, ಮೊಬೈಲಿನದು. ಅದರಲ್ಲಿ ಅತಿ ಬೆಳಗಿದ ಜಾಗವೂ 249ರಲ್ಲೇ ನಿಂತಿದೆ. ಅದಕ್ಕಿಂತ ಗಮನಿಸಬೇಕಾದ್ದು ಇನ್ನೊಂದು ತುದಿ. ಮಗುವಿನ ಕಪ್ಪು ಕೂದಲು, ಕಲ್ಲಿನ ಸಂದಿಯ ಕತ್ತಲು, ಎಲ್ಲವೂ 60ರ ಆಸುಪಾಸಿನಲ್ಲಿವೆ. ಕಪ್ಪೇ ಇಲ್ಲದ ಫೋಟೊ ಇದು. ಹಾಗಿದ್ದರೆ ಎಕ್ಸ್‌ಪೋಶರ್, ಅಂದರೆ ಸೆನ್ಸರ್‌ಗೆ ಬಿಟ್ಟ ಬೆಳಕಿನ ಪ್ರಮಾಣ, ಹೆಚ್ಚಾಗಿದ್ದಲ್ಲ, ಬಿಸಿಲು ನೇರವಾಗಿ ಲೆನ್ಸ್‌ಗೆ ಹೊಡೆದು ಒಳಗೆ ಚದುರಿ ಚಿತ್ರದ ಮೇಲೆಲ್ಲ ಹಾಲಿನ ತೆರೆ ಎಳೆದಿದೆ. ಜೇಬಿನಿಂದ ತೆಗೆದ ಫೋನಿನ ಲೆನ್ಸ್ ಮೇಲೆ ಬೆರಳಿನ ಜಿಡ್ಡು ಇರುವುದು ಸಾಮಾನ್ಯ, ಜಿಡ್ಡಿದ್ದರೆ ಈ ತೆರೆ ಇನ್ನೂ ದಪ್ಪ. ಇದನ್ನು ಹೈಲೈಟ್ಸ್ ಇಳಿಸಿ ಸರಿಮಾಡಲು ಹೋದವರು ದಿನವಿಡೀ ಗುದ್ದಾಡುತ್ತಾರೆ. ಮದ್ದು ಇರುವುದು ಇನ್ನೊಂದು ತುದಿಯಲ್ಲಿ. ಲೆವೆಲ್ಸ್ ತೆರೆದು ಎಡಗಡೆಯ ಕಪ್ಪು ಗುರುತನ್ನು ಗುಡ್ಡ ಶುರುವಾಗುವ ತನಕ, ಇಲ್ಲಿ ಸುಮಾರು 55ರವರೆಗೆ, ಎಳೆಯಿರಿ. ಮೊಬೈಲಿನ ಆ್ಯಪ್‌ಗಳಲ್ಲಿ ಬ್ಲ್ಯಾಕ್ಸ್ ಇಳಿಸುವುದು, ಡೀಹೇಜ್ ಸ್ವಲ್ಪ ಏರಿಸುವುದು ಇದೇ ಕೆಲಸ ಮಾಡುತ್ತವೆ. ನೋಡುತ್ತಿದ್ದಂತೆ ಕೂದಲು ಕಪ್ಪಾಗುತ್ತದೆ, ನೀರಿಗೆ ಬಣ್ಣ ಬರುತ್ತದೆ. ಸೂರ್ಯನಿದ್ದ ಮೂಲೆಯಲ್ಲಿ ತೆರೆ ದಪ್ಪ, ಎದುರು ಮೂಲೆಯಲ್ಲಿ ತೆಳು. ಹಾಗಾಗಿ ಒಂದು ಗ್ರೇಡಿಯೆಂಟ್ ಮಾಸ್ಕ್ (ಒಂದು ಬದಿಯಿಂದ ಮೆಲ್ಲನೆ ತೆಳುವಾಗುತ್ತ ಹೋಗುವ ಮರೆ) ಹಾಕಿ ಆ ಮೂಲೆಗೆ ಮಾತ್ರ ಇನ್ನಷ್ಟು ಕೊಡಿ. ಕೊನೆಗೆ ಬಣ್ಣ ಗಾಢವಾಯಿತು ಅನ್ನಿಸಿದರೆ ಸ್ಯಾಚುರೇಶನ್ ತುಸು ಇಳಿಸಿ. ಈ ಫೋಟೊಗೆ ಇಷ್ಟು ಸಾಕು.

ಎರಡನೆಯದು ಕಷ್ಟದ್ದು. ಕ್ಯಾಮೆರಾ ಫೈಲ್‌ನ ಒಳಗಿನ ಮಾಹಿತಿ ತೆರೆದು ನೋಡಿದೆ: ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400, ಎಫ್ (ಲೆನ್ಸ್‌ನ ಕಿಂಡಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಕಿಂಡಿ ದೊಡ್ಡದು) 5.6, ಶಟರ್ (ಬೆಳಕು ಒಳಬಿಡುವ ಹೊತ್ತು) 1/1000 ಸೆಕೆಂಡ್. ಛಾಯಾಗ್ರಾಹಕರಲ್ಲಿ ‘ಸನ್ನಿ 16’ ಎಂಬ ಹಳೆಯ ಲೆಕ್ಕವೊಂದಿದೆ. ನಿಚ್ಚಳ ಬಿಸಿಲಿದ್ದರೆ ಎಫ್ 16ರಲ್ಲಿ ಶಟರ್ ವೇಗ ಐಎಸ್‌ಒ ಅಂಕಿಗೆ ಸಮನಾಗಿರಬೇಕು, ಅಂದರೆ ಐಎಸ್‌ಒ 400ಕ್ಕೆ 1/400. ಎಫ್ 16ರಿಂದ ಎಫ್ 5.6ಕ್ಕೆ ಬಂದರೆ ಬೆಳಕು ಮೂರು ಸ್ಟಾಪ್ ಅಂದರೆ ಎಂಟು ಪಟ್ಟು ಹೆಚ್ಚು (ಒಂದೊಂದು ಸ್ಟಾಪ್‌ಗೂ ಬೆಳಕು ಇಮ್ಮಡಿ). ಅದನ್ನು ಸರಿದೂಗಿಸಲು ಶಟರ್ 1/3200 ಆಗಬೇಕಿತ್ತು. 1/1000ದಲ್ಲಿ ತೆಗೆದದ್ದರಿಂದ ಬೇಕಾದ್ದರ ಮೂರು ಪಟ್ಟಿಗೂ ಮೀರಿ ಬೆಳಕು ಒಳಗೆ ಹೋಗಿದೆ. ತಪ್ಪು ನಿಮ್ಮ ತಮ್ಮನದಲ್ಲ. ಹಿಂದೆ ಇರುವ ಕಪ್ಪು ಬಂಡೆ, ಮರದ ನೆರಳು ಚೌಕಟ್ಟಿನ ಮುಕ್ಕಾಲು ಭಾಗ ತುಂಬಿವೆ. ಕ್ಯಾಮೆರಾದ ಮೀಟರ್ ಇಡೀ ದೃಶ್ಯವನ್ನು ಮಧ್ಯಮ ಬೂದಿಯ ಹದಕ್ಕೆ ತರಲು ನೋಡುತ್ತದೆ. ಕಪ್ಪು ಜಾಸ್ತಿ ಕಂಡಿತೋ, ಬೆಳಕು ಸಾಲದೆಂದು ತಿಳಿದು ಇನ್ನಷ್ಟು ಒಳಬಿಡುತ್ತದೆ. ಬಂಡೆ ಚೆನ್ನಾಗಿ ಬರುತ್ತದೆ, ಬಿಸಿಲಲ್ಲಿ ನಿಂತ ಮನುಷ್ಯರು ಸುಡುತ್ತಾರೆ.

ಈ ಫೋಟೊದ ರಾ ಫೈಲ್ ಸಿಕ್ಕರೆ ನಿಮ್ಮ ಅದೃಷ್ಟ. ರಾ ಫೈಲ್‌ನಲ್ಲಿ 12 ಅಥವಾ 14 ಬಿಟ್ ಇರುತ್ತದೆ. ಅಂದರೆ ಬೆಳಕನ್ನು ಅಳೆಯಲು ಜೆಪೆಗ್‌ನ 256 ಮೆಟ್ಟಿಲುಗಳ ಬದಲು 4096 ಅಥವಾ 16384. ಆದರೆ ನಿಜವಾದ ಲಾಭ ಮೆಟ್ಟಿಲುಗಳದ್ದಲ್ಲ. ಕ್ಯಾಮೆರಾ ಜೆಪೆಗ್ ತಯಾರಿಸುವಾಗ ವೈಟ್ ಬ್ಯಾಲೆನ್ಸ್‌ಗಾಗಿ (ಬಿಳಿ ಬಿಳಿಯಾಗಿಯೇ ಕಾಣಲೆಂದು) ಕೆಂಪು ಮತ್ತು ನೀಲಿಯ ಅಳತೆಗಳನ್ನು ಗುಣಿಸಿ ಹೆಚ್ಚಿಸುತ್ತದೆ. ಸೆನ್ಸರ್‌ನಲ್ಲಿ ಇನ್ನೂ ತುಂಬದೇ ಇದ್ದ ಕೆಂಪಿನ ಕೊಡ ಈ ಗುಣಾಕಾರದಲ್ಲಿ ತುಂಬಿಹೋಗುತ್ತದೆ. ರಾ ಫೈಲ್‌ನಲ್ಲಿ ಆ ಮೂಲ ಅಳತೆ ಹಾಗೇ ಉಳಿದಿರುತ್ತದೆ. ಅದಕ್ಕೇ ಜೆಪೆಗ್‌ನಲ್ಲಿ ಹೋಗಿದ್ದ ಹಣೆ ರಾ ಫೈಲ್‌ನಲ್ಲಿ ಎಕ್ಸ್‌ಪೋಶರ್ ಇಳಿಸಿದೊಡನೆ ಎದ್ದು ಬರುವುದು. ಡಾರ್ಕ್‌ಟೇಬಲ್, ರಾ ಥೆರಪಿ ಎರಡೂ ರಾ ಫೈಲ್ ತಿದ್ದುವ ಉಚಿತ ತಂತ್ರಾಂಶಗಳು. ಎರಡರಲ್ಲೂ ಒಂದು ಬಣ್ಣ ತುಂಬಿಹೋದರೂ ಉಳಿದ ಬಣ್ಣಗಳ ಆಧಾರದಲ್ಲಿ ಅದನ್ನು ಮತ್ತೆ ಕಟ್ಟಿಕೊಡುವ ಹೈಲೈಟ್ ರೀಕನ್‌ಸ್ಟ್ರಕ್ಷನ್ ಇದೆ. ಮೊದಲು ಎಕ್ಸ್‌ಪೋಶರ್, ಆಮೇಲೆ ಹೈಲೈಟ್ಸ್, ಕೊನೆಗೆ ವೈಟ್ಸ್. ನೆರಳು ಎತ್ತುವ ಕೆಲಸ ಅದಾದ ಮೇಲೆ.

ಬರೀ ಜೆಪೆಗ್ ಇದ್ದರೆ? ನಿಮ್ಮ ಸ್ಥಿತಿ ಸದ್ಯಕ್ಕೆ ಇದೇ. ಮೊದಲು ಒಂದು ಪ್ರತಿ ಮಾಡಿಕೊಂಡು ಆ ಪ್ರತಿಯಲ್ಲೇ ಕೆಲಸ ಮಾಡಿ. ಗಿಂಪ್‌ನಲ್ಲಿ ತೆರೆದರೆ ಪ್ರಿಸಿಶನ್ ಅನ್ನು 16 ಬಿಟ್‌ಗೆ ಬದಲಿಸಿ. ಕಳೆದದ್ದು ಇದರಿಂದ ಬರುವುದಿಲ್ಲ, ಆದರೆ ಎಳೆದಾಡುವಾಗ ಚರ್ಮದ ಮೇಲೆ ಪಟ್ಟೆ ಏಳುವುದು ಕಡಿಮೆಯಾಗುತ್ತದೆ. ನಂತರ ಲೇಯರ್‌ನ, ಅಂದರೆ ಚಿತ್ರದ ಪದರದ, ಇನ್ನೊಂದು ನಕಲು ತೆಗೆದು ಅದರ ಮೋಡ್ ಅನ್ನು, ಅಂದರೆ ಕೆಳಗಿನ ಪದರದೊಡನೆ ಬೆರೆಯುವ ಬಗೆಯನ್ನು, ಮಲ್ಟಿಪ್ಲೈ ಮಾಡಿ. ಈ ಹಳೆಯ ಉಪಾಯ ಇಂದಿಗೂ ನನ್ನ ಮೊದಲ ಆಯ್ಕೆ, ಯಾಕೆಂದರೆ ಇದು ಏನು ಮಾಡುತ್ತದೆ ಎಂದು ಕೈಲೆಕ್ಕದಲ್ಲೇ ತಿಳಿಯಬಹುದು. ಅಂಕಿಯನ್ನು ಅದರಿಂದಲೇ ಗುಣಿಸಿ 255ರಿಂದ ಭಾಗಿಸುತ್ತದೆ, ಅಷ್ಟೆ. 200 ಇದ್ದದ್ದು 157 ಆಗುತ್ತದೆ, 100 ಇದ್ದದ್ದು 39. ಆದರೆ 255 ಮಾತ್ರ 255 ಆಗಿಯೇ ಉಳಿಯುತ್ತದೆ. ಅಂದರೆ ಸುಟ್ಟ ಬಿಳಿ ಬೂದಿಯಾಗುವುದಿಲ್ಲ, ಸುತ್ತಲಿನ ತೆಳು ಬಣ್ಣ ಮಾತ್ರ ಗಟ್ಟಿಯಾಗುತ್ತದೆ.

ನಿಮ್ಮ ತಂದೆಯವರ ಅಂಗಿಯ ಗುಂಡಿಸಾಲಿನ ಬಳಿ ಅಳೆದು ನೋಡಿದೆ. ಬಟ್ಟೆ 250, ಗುಂಡಿಯ ಕೆಳಗಿನ ನೆರಳು 236. ನಡುವಿನ ಅಂತರ 14, ಕಣ್ಣಿಗೆ ಕಂಡೂ ಕಾಣದಷ್ಟು. ಮಲ್ಟಿಪ್ಲೈ ಆದ ಮೇಲೆ ಬಟ್ಟೆ 245, ನೆರಳು 218. ಅಂತರ 27. ಇಲ್ಲವೆಂದುಕೊಂಡಿದ್ದ ಗುಂಡಿಪಟ್ಟಿ, ಜೇಬಿನ ಅಂಚು, ತೋಳಿನ ಮಡಿಕೆ ಒಂದೊಂದಾಗಿ ಮೂಡಿದವು. ಹೆಗಲಿನ ಮೇಲೆ ಮಾತ್ರ ಅಂಗೈಯಗಲದ ಜಾಗದಲ್ಲಿ ಮೂರೂ ಬಣ್ಣ 255. ಅಲ್ಲಿ ಏನೂ ಬರಲಿಲ್ಲ, ಬರುವುದೂ ಇಲ್ಲ. ಆ ಜಾಗವನ್ನು ಬಿಳಿಯಾಗಿಯೇ ಬಿಡಿ. ಸುತ್ತಲಿನ ಬಟ್ಟೆಗೆ ಮಡಿಕೆ ಬಂದ ಮೇಲೆ ಅದು ಬಿಸಿಲು ಬಿದ್ದ ಹೆಗಲಾಗಿಯೇ ಕಾಣುತ್ತದೆ.

ಈಗ ಮುಖ, ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಮಗುವಿನ ಹಣೆಯ ನಡುವೆ ಕೆಂಪು 255, ಹಸಿರು 231, ನೀಲಿ 198. ಕೆಂಪು ಒಂದೇ ತುಂಬಿದೆ. ಚರ್ಮದಲ್ಲಿ ಕೆಂಪಿನ ಪಾಲು ಹೆಚ್ಚಾದ್ದರಿಂದ ಮುಖಗಳಲ್ಲಿ ಮೊದಲು ತುಂಬುವುದು ಅದೇ. ಇಲ್ಲಿ ಮಲ್ಟಿಪ್ಲೈ ಹಾಕಿದರೆ ಹಸಿರು 209ಕ್ಕೆ, ನೀಲಿ 154ಕ್ಕೆ ಇಳಿಯುತ್ತವೆ, ಕೆಂಪು ಇದ್ದಲ್ಲೇ ನಿಲ್ಲುತ್ತದೆ. ಫಲ, ಹಣೆ ಕಿತ್ತಳೆ ಬಣ್ಣ. ಸರಿಮಾಡಿದ ಬಿಸಿಲಿನ ಫೋಟೊಗಳಲ್ಲಿ ಮುಖಗಳು ಅರಿಸಿನ ಮೆತ್ತಿದಂತೆ ಕಾಣುವುದು ಇದರಿಂದಲೇ. ಆದ್ದರಿಂದ ಮಲ್ಟಿಪ್ಲೈ ಲೇಯರ್‌ಗೆ ಒಂದು ಮಾಸ್ಕ್ ಹಾಕಿ, ಮೆತ್ತನೆ ಬ್ರಶ್‌ನಿಂದ ಹಣೆ, ಮೂಗು, ಕೆನ್ನೆಯ ಹೊಳೆಯುವ ಭಾಗಗಳನ್ನು ಮರೆಮಾಡಿ.

ಆ ಭಾಗಗಳಿಗೆ ಬೇರೆ ಉಪಚಾರ. ಮೇಲೊಂದು ಖಾಲಿ ಲೇಯರ್ ತೆಗೆದು ಮೋಡ್ ಅನ್ನು ಡಾರ್ಕನ್ ಮಾಡಿ. ಕಿವಿಯ ಪಕ್ಕದ ಕೆನ್ನೆಯಲ್ಲಿ ಬಿಸಿಲು ಹದವಾಗಿ ಬಿದ್ದ ಕಡೆಯಿಂದ ಬಣ್ಣ ಎತ್ತಿಕೊಳ್ಳಿ. ಅಂಚು ಮೆತ್ತಗಿರುವ ದೊಡ್ಡ ಬ್ರಶ್, ಒಪಾಸಿಟಿ, ಅಂದರೆ ಬಣ್ಣದ ದಟ್ಟತನ, 10 ಪರ್ಸೆಂಟ್. ಹಣೆಯ ಮೇಲೆ ಒಮ್ಮೆ ಸವರಿ, ದೂರ ಸರಿದು ನೋಡಿ, ಬೇಕಾದರೆ ಇನ್ನೊಮ್ಮೆ. ಡಾರ್ಕನ್ ಮೋಡ್ ಇರುವುದರಿಂದ ಆ ಬಣ್ಣಕ್ಕಿಂತ ಕಪ್ಪಾದ ಹುಬ್ಬಿಗೂ ಮುಂಗುರುಳಿಗೂ ಏನೂ ಆಗುವುದಿಲ್ಲ. ಎರಡು ಮೂರು ಸವರಿಗೆ ನಿಲ್ಲಿಸಿ. ಹೊಳಪನ್ನು ಪೂರ್ತಿ ಅಳಿಸಿದರೆ ಹಣೆ ಮಣ್ಣಿನ ಬೊಂಬೆಯ ಹಣೆಯಾಗುತ್ತದೆ. ಬಿಸಿಲಿನಲ್ಲಿ ನಿಂತ ಮಗುವಿನ ಹಣೆ ಹೊಳೆಯಲೇಬೇಕು. ಮೂಗಿನ ತುದಿಯಲ್ಲಿ ಚರ್ಮದ ನವಿರೇ ಇಲ್ಲದೆ ನುಣ್ಣಗಾಗಿದ್ದರೆ ಕ್ಲೋನ್ ಬ್ರಶ್‌ನಿಂದ ಪಕ್ಕದ ಕೆನ್ನೆಯ ಚರ್ಮವನ್ನು 20 ಪರ್ಸೆಂಟ್ ಒಪಾಸಿಟಿಯಲ್ಲಿ ತಂದು ಕೂರಿಸಿ. ಇಷ್ಟಕ್ಕೇ ಅರ್ಧ ಗಂಟೆ ಹಿಡಿಯಬಹುದು. ಹಿಡಿಯಲಿ, ಫೋಟೊದಲ್ಲಿ ಎಲ್ಲರೂ ನೋಡುವುದು ಆ ಮುಖವನ್ನೇ.

ನೆತ್ತಿಯ ಬಿಸಿಲಿನಲ್ಲಿ ಇನ್ನೊಂದು ತೊಂದರೆ ಕಣ್ಣುಗುಳಿಯ ಕಡುನೆರಳು. ಶ್ಯಾಡೋಸ್ ಸ್ಲೈಡರ್ ಏರಿಸಿದರೆ ಕಣ್ಣು ಕಾಣುತ್ತದೆ, ಸರಿ. ಆದರೆ ಹೈಲೈಟ್ಸ್ ಪೂರ್ತಿ ಕೆಳಗೆ, ಶ್ಯಾಡೋಸ್ ಪೂರ್ತಿ ಮೇಲೆ ಎಳೆಯುವುದು ನನಗೆ ಒಪ್ಪಿಗೆಯಿಲ್ಲ. ತಲೆಯ ಸುತ್ತ ಬೆಳಕಿನ ಬಳೆ ಮೂಡುತ್ತದೆ, ಬಿಸಿಲು ಯಾವ ಕಡೆಯಿಂದ ಬಿತ್ತು ಎನ್ನುವುದೇ ಅಳಿಸಿಹೋಗುತ್ತದೆ. ಕಣ್ಣುಗಳಿಗೆ ಮಾತ್ರ ಮಾಸ್ಕ್ ಹಾಕಿ ಅರ್ಧ ಸ್ಟಾಪ್ ಎತ್ತಿದರೆ ಸಾಕು.

ಆಕಾಶದ ಬಗ್ಗೆ ಕೇಳಿದ್ದೀರಿ. ಮೂರೂ ಬಣ್ಣ ತುಂಬಿದ ಆಕಾಶಕ್ಕೆ ಮದ್ದಿಲ್ಲ. ಬೇರೆ ಆಕಾಶ ತಂದು ಅಂಟಿಸುವ ಸೌಲಭ್ಯ ಈಗ ಬೇಕಾದಷ್ಟು ಆ್ಯಪ್‌ಗಳಲ್ಲಿದೆ. ಆದರೆ ನೆರಳು ಕಾಲಡಿಯಲ್ಲಿ ಬಿದ್ದಿರುವ ಫೋಟೊಗೆ ಸಂಜೆಯ ಮೋಡ ಹೊಂದುವುದಿಲ್ಲ. ನಿಮ್ಮ ಫೋಟೊದಲ್ಲಿ ಆಕಾಶ ಇರುವುದು ಮೇಲಿನ ಒಂದು ಪಟ್ಟಿಯಷ್ಟು. ಕ್ರಾಪ್ ಮಾಡಿ, ಬಂಡೆಯೇ ಹಿನ್ನೆಲೆಯಾಗಲಿ. ಆಕಾಶ ಎಲ್ಲೋ ಅಂಚಿನಲ್ಲಿ ತಿಳಿಹಸಿರು ಬೆರೆತ ನೀಲಿಯಾಗಿ ಕಂಡರೆ ಅಲ್ಲಿ ನೀಲಿ ತುಂಬಿ ಹಸಿರು ಇನ್ನೂ ಏರುತ್ತಿದೆ ಎಂದರ್ಥ. ಅಲ್ಲಿ ಸ್ಯಾಚುರೇಶನ್ ಇಳಿಸಿ.

ಬಣ್ಣದಲ್ಲಿ ಹದ ಸಿಗದ ಫೋಟೊಗಳಿಗೆ ಕಪ್ಪುಬಿಳುಪು ಒಳ್ಳೆಯ ದಾರಿ, ಅದಕ್ಕೊಂದು ಗುಟ್ಟಿದೆ. ಕೆಂಪು ತುಂಬಿದ್ದರೂ ಹಸಿರಿನಲ್ಲಿ ಮುಖದ ಎಲ್ಲ ವಿವರ ಉಳಿದಿರುತ್ತದೆ ಎಂದು ಈಗ ನೋಡಿದಿರಲ್ಲ, ಹಾಗಾದರೆ ಹಸಿರು ಚಾನೆಲ್ ಒಂದನ್ನೇ ಕಪ್ಪುಬಿಳುಪಾಗಿಸಿ. ಗಿಂಪ್‌ನ ಮೊನೊ ಮಿಕ್ಸರ್‌ನಲ್ಲಿ ಕೆಂಪು 0, ಹಸಿರು 1, ನೀಲಿ 0 ಎಂದು ಕೊಡಿ. ಸುಟ್ಟಿದ್ದ ಹಣೆಯಲ್ಲಿ ಹುಬ್ಬಿನ ಮೇಲಿನ ಗೆರೆಗಳೂ ಕಾಣುತ್ತವೆ. ನಿಮ್ಮ ಎರಡನೇ ಫೋಟೊವನ್ನು ಹೀಗೆ ಮಾಡಿ ನೋಡಿದೆ. ತಂದೆಯವರು ಮಗುವಿನತ್ತ ಬಾಗಿ ನಗುತ್ತಿರುವುದು ಬಣ್ಣದ ಪ್ರತಿಗಿಂತ ಅದರಲ್ಲೇ ಚೆನ್ನಾಗಿ ಕಾಣುತ್ತಿದೆ. ನಾನಾದರೆ ಇದನ್ನೇ ಗೋಡೆಗೆ ಹಾಕುತ್ತಿದ್ದೆ.

ಕಳೆದುಹೋದ ಜಾಗವನ್ನು ಕೃತಕ ಬುದ್ಧಿಮತ್ತೆಯ ಆ್ಯಪ್ ತುಂಬಿಕೊಡಲಿ ಎಂದು ಕೆಲವರು ಹೇಳಬಹುದು. ಬಂಡೆಗೆ, ಮರಳಿಗೆ ಬಳಸಿ, ನನ್ನ ತಕರಾರಿಲ್ಲ. ಮುಖಕ್ಕೆ ಬೇಡ. ಅದು ಹಳೆಯದನ್ನು ಹುಡುಕಿ ತರುವುದಿಲ್ಲ, ಹೊಸದನ್ನು ಬರೆಯುತ್ತದೆ. ತುಟಿಯ ಅಂಚು, ಹಲ್ಲಿನ ಸಾಲು ಕೂದಲೆಳೆಯಷ್ಟು ಬದಲಾದರೂ ಅದು ನಿಮ್ಮ ಅಪ್ಪನ ನಗುವಾಗಿ ಉಳಿಯುವುದಿಲ್ಲ.

ಮನೆಯ ಹಳೆಯ ಆಲ್ಬಮ್‌ನಲ್ಲೂ ಇಂಥ ಬಿಳಿಚಿದ ಪ್ರಿಂಟ್‌ಗಳಿದ್ದರೆ ಅವುಗಳ ನೆಗೆಟಿವ್ ಹುಡುಕಿ. ನೆಗೆಟಿವ್ ಫಿಲ್ಮ್‌ಗೆ ಬೆಳಕು ಹೆಚ್ಚಾದರೆ ಅದು ದಟ್ಟವಾಗುತ್ತದೆಯೇ ಹೊರತು ವಿವರ ಬೇಗ ಕಳೆದುಕೊಳ್ಳುವುದಿಲ್ಲ. ಪ್ರಿಂಟ್‌ನಲ್ಲಿ ಬರದೇ ಹೋದ ಅಂಗಿ ನೆಗೆಟಿವ್‌ನಲ್ಲಿ ಕೂತಿರುತ್ತದೆ. ಪ್ರಿಂಟ್ ಬದಲು ನೆಗೆಟಿವ್ ಅನ್ನೇ ಸ್ಕ್ಯಾನ್ ಮಾಡಿಸಿ.

ಮುಂದಿನ ಸಲ ಬಿಸಿಲಲ್ಲಿ ತೆಗೆಯುವಾಗ ತಮ್ಮನಿಗೆ ರಾ ಮತ್ತು ಜೆಪೆಗ್ ಎರಡನ್ನೂ ಆನ್ ಮಾಡಿ, ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಮೀಟರ್ ಆರಿಸಿದ ಬೆಳಕನ್ನು ನಾವೇ ಹೆಚ್ಚುಕಡಿಮೆ ಮಾಡುವ ಸೌಲಭ್ಯ) ಅನ್ನು ಮೈನಸ್ 1ಕ್ಕೆ ಇಟ್ಟುಕೊಳ್ಳಲು ಹೇಳಿ. ಕತ್ತಲೆಯಲ್ಲಿರುವುದನ್ನು ಆಮೇಲೆ ಎತ್ತಬಹುದು. ನೀವು ಮೊಬೈಲಿನಲ್ಲಿ ಮುಖದ ಹೊಳೆಯುವ ಭಾಗದ ಮೇಲೆ ಬೆರಳಿಟ್ಟು, ಕಾಣುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಿರಿ. ಎಚ್‌ಡಿಆರ್ (ಬೆಳಕು, ನೆರಳು ಎರಡರ ವಿವರವನ್ನೂ ಹಿಡಿಯುವ ಸೌಲಭ್ಯ) ಆನ್ ಇರಲಿ, ಲೆನ್ಸ್ ಅನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿರಿ. ಎಲ್ಲಕ್ಕಿಂತ ಒಳ್ಳೆಯದು, ಎರಡು ಹೆಜ್ಜೆ ಸರಿದು ಮರದ ನೆರಳಿನ ಅಂಚಿಗೆ ಬಂದು ನಿಲ್ಲುವುದು.

ಪ್ರಿಂಟ್ ಹಾಕಿಸುವಾಗ ಒಂದು ಎಚ್ಚರ. ಪರದೆಯ ಮೇಲೆ 255 ಹೊಳೆಯುವ ಬಿಳಿ, ಕಾಗದದ ಮೇಲೆ ಅದು ಶಾಯಿಯೇ ಬೀಳದ ಬರೀ ಕಾಗದ. ಹೆಗಲಿನ ಜಾಗ ತೂತಿನಂತೆ ಕಾಣಬಹುದು. ಪ್ರಿಂಟ್‌ಗೆ ಕೊಡುವ ಪ್ರತಿಯಲ್ಲಿ ಮಾತ್ರ ಲೆವೆಲ್ಸ್‌ನ ಔಟ್‌ಪುಟ್ ಬಿಳಿಯನ್ನು 255ರಿಂದ 248ಕ್ಕೆ ಇಳಿಸಿ. ಬೂದಿಯಾಗುವಷ್ಟು ಅಲ್ಲ, ಕಾಗದದ ಮೇಲೆ ತೆಳುವಾದ ಒಂದು ಪದರ ಶಾಯಿ ಕೂರುವಷ್ಟು. ಮೊದಲು ಅಂಗೈಯಗಲದ ಒಂದು ಪ್ರಿಂಟ್ ತೆಗೆಸಿ ಹಗಲು ಬೆಳಕಿನಲ್ಲಿ ನೋಡಿ, ಸರಿಯಿದ್ದರೆ ದೊಡ್ಡದು ಹಾಕಿಸಿ. ರಾ ಫೈಲ್ ಸಿಕ್ಕಿದರೆ ಬಂಡೆಯ ಫೋಟೊದ್ದನ್ನು ನನಗೂ ಕಳಿಸಿ, ಆ ಹೆಗಲನ್ನು ಇನ್ನೊಮ್ಮೆ ನೋಡುತ್ತೇನೆ.